ಸರಕು ವಾಹನದ ಆಯ್ಕೆ: ಮೊದಲು ತಕ್ಕಡಿ, ಅನಂತರ ಷೋರೂಮ್

ವರ್ತಕನ ಬದುಕು ತಕ್ಕಡಿಯ ಮೇಲೆ ನಿಂತಿದೆ. ಅಡಿಕೆಯಾಗಲಿ, ಬ್ಯಾಡಗಿ ಮೆಣಸಿನಕಾಯಿಯಾಗಲಿ, ಎರಕದ ಬಿಡಿಭಾಗವಾಗಲಿ, ತೂಕವಾಗದೆ ಅಂಗಳದಿಂದ ಹೊರಗೆ ಹೋಗುವುದಿಲ್ಲ. ಆ ತಕ್ಕಡಿಗೆ ಕಾಲಕಾಲಕ್ಕೆ ಕಾನೂನು ಮಾಪನ ಇಲಾಖೆಯ ಮುದ್ರೆ ಬೀಳಬೇಕು. ಚೀಲವೊಂದಕ್ಕೆ ಅರ್ಧ ಕಿಲೋ ವ್ಯತ್ಯಾಸ ಬಂದರೂ ತಕರಾರು ಏಳುತ್ತದೆ. ಆದರೆ ಅದೇ ಸರಕನ್ನು ದಿನವೂ ಹೊತ್ತೊಯ್ಯುವ ಸ್ವಂತ ಪಿಕ್‌ಅಪ್ ವಾಹನದ ನೋಂದಾಯಿತ ಹೊರೆ ಸಾಮರ್ಥ್ಯ ಎಷ್ಟೆಂದು ಕೇಳಿದರೆ ಬಹುಪಾಲು ಮಾಲೀಕರಿಂದ ಬರುವ ಉತ್ತರ ಒಂದೇ: "ಒಂದೂವರೆ ಟನ್ ಇರಬಹುದು, ಎರಡರ ತನಕ ಆರಾಮಾಗಿ ಎಳೆಯುತ್ತದೆ." ಇಡೀ ವ್ಯವಹಾರದಲ್ಲಿ ಅಂದಾಜಿನ ಮೇಲೆ ನಡೆಯುವ ತೂಕ ಇದೊಂದೇ. ಇದಕ್ಕೆ ತೆರುವ ಬೆಲೆಯೂ ಅಷ್ಟೇ ಭಾರವಾದದ್ದು.

ಸಣ್ಣ ಉದ್ದಿಮೆಯ ಆಸ್ತಿಪಟ್ಟಿಯಲ್ಲಿ ಕಟ್ಟಡ ಮತ್ತು ಯಂತ್ರಗಳ ನಂತರ ದೊಡ್ಡ ಮೊತ್ತ ಸಾಮಾನ್ಯವಾಗಿ ವಾಹನದ್ದೇ. ಲೇತ್ ಯಂತ್ರ ಕೊಳ್ಳುವಾಗ ಹಾಸಿನ ಉದ್ದ, ಮೋಟಾರಿನ ಶಕ್ತಿ, ಉತ್ಪಾದನೆಯ ಪ್ರಮಾಣಗಳನ್ನು ಕಾಗದದ ಮೇಲೆ ಬರೆದು ಹೋಲಿಸುವ ಉದ್ದಿಮೆದಾರರು, ಅಷ್ಟೇ ಬೆಲೆಯ ವಾಹನ ಕೊಳ್ಳುವಾಗ ಕೇಳುವುದು ಮೂರೇ ಪ್ರಶ್ನೆ: ಕಂತು ಎಷ್ಟು, ಮೈಲೇಜ್ ಎಷ್ಟು, ಪಕ್ಕದ ಷೆಡ್ಡಿನವರು ಯಾವುದು ಕೊಂಡಿದ್ದಾರೆ? ಈ ಕ್ರಮ ಬದಲಾಗಬೇಕಾದ ಕಾಲ ಬಂದಿದೆ.

ಅಮೆರಿಕದ ಟ್ರೇಲರ್ ಕಲಿಸುವ ಪಾಠ

ವಾಹನದ ಸಾಮರ್ಥ್ಯವನ್ನು ತಪ್ಪಾಗಿ ಓದುವ ಅಭ್ಯಾಸ ಕರ್ನಾಟಕಕ್ಕೆ ಮಾತ್ರ ಸೀಮಿತವಲ್ಲ. ಪಿಕ್‌ಅಪ್ ವಾಹನಗಳ ತವರಾದ ಅಮೆರಿಕದಲ್ಲಿ ಇದರ ಪಾಠ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿ ಕುಟುಂಬಗಳು ರಜೆಯ ಕಾಲದಲ್ಲಿ ಮಂಚ, ಅಡುಗೆಮನೆ, ಸ್ನಾನಗೃಹಗಳುಳ್ಳ ಪ್ರವಾಸಿ ಟ್ರೇಲರನ್ನು ಪಿಕ್‌ಅಪ್‌ಗೆ ಜೋಡಿಸಿಕೊಂಡು ಹೊರಡುವುದು ಸಾಮಾನ್ಯ. ಇಂತಹ ಟ್ರೇಲರ್‌ಗಳ ತಯಾರಿಕೆಯೇ ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಪ್ರದೇಶದ ಮುಖ್ಯ ಉದ್ಯಮ. ಅವುಗಳನ್ನು ಎಳೆಯಲು ವಾಹನ ಆರಿಸುವಾಗ ಕೊಳ್ಳುವವನ ಕಣ್ಣಿಗೆ ಮೊದಲು ಬೀಳುವುದು ಜಾಹೀರಾತಿನ ದೊಡ್ಡಕ್ಷರದ ಎಳೆಯುವ ಸಾಮರ್ಥ್ಯ. ಅಲ್ಲಿ 'ಅರ್ಧ ಟನ್' ವರ್ಗವೆಂದು ಕರೆಯುವ ಸಾಧಾರಣ ಪಿಕ್‌ಅಪ್‌ಗಳಲ್ಲೂ ಕೆಲವು ಮಾದರಿಗಳು 5,000 ಕಿ.ಗ್ರಾಂ.ಗಿಂತ ಹೆಚ್ಚು ಎಳೆಯಬಲ್ಲವೆಂದು ಪ್ರಚಾರ ಮಾಡುತ್ತವೆ.

ಈ ಸಂಖ್ಯೆ ಸುಳ್ಳಲ್ಲ. ಹಿಂದೆ ಪ್ರತಿ ಕಂಪನಿಯೂ ತನಗೆ ತೋಚಿದಂತೆ ಈ ಅಂಕಿಯನ್ನು ಪ್ರಕಟಿಸುತ್ತಿತ್ತು. ವಾಹನ ಎಂಜಿನಿಯರುಗಳ ಸಂಘವಾದ ಎಸ್.ಎ.ಇ. ರೂಪಿಸಿದ ಜೆ-2807 ಮಾನದಂಡವನ್ನು 2011ರ ಮಾದರಿಗಳಿಂದ ಟೊಯೋಟಾ ಮೊದಲು ಅನುಸರಿಸಿತು. ಉಳಿದ ದೊಡ್ಡ ಕಂಪನಿಗಳು ಮುಂದಿನ ವರ್ಷಗಳಲ್ಲಿ ಅದೇ ಹಾದಿ ಹಿಡಿದವು. ಅರಿಜೋನಾದ ಡೇವಿಸ್ ಡ್ಯಾಮ್ ಏರಿನಲ್ಲಿ, ಸುಡುಬಿಸಿಲಿನಲ್ಲಿ, ಹವಾನಿಯಂತ್ರಣ ಯಂತ್ರವನ್ನು ಪೂರ್ಣವಾಗಿ ಚಾಲೂ ಇಟ್ಟು, ಸುಮಾರು 18 ಕಿ.ಮೀ. ದೂರ ನಿಗದಿತ ವೇಗಕ್ಕಿಂತ ಕೆಳಗಿಳಿಯದೆ ಟ್ರೇಲರನ್ನು ಎಳೆದು ತೋರಿಸುವುದು ಆ ಪರೀಕ್ಷೆಯ ಒಂದು ಭಾಗ. ಆದರೂ ಕೊಳ್ಳುವವನು ಮೋಸ ಹೋಗುವುದು ತಪ್ಪಿಲ್ಲ. ಏಕೆಂದರೆ ಆತ ನೋಡಬೇಕಾದ ಸಂಖ್ಯೆ ಜಾಹೀರಾತಿನಲ್ಲಿಲ್ಲ. ಅದು ಚಾಲಕನ ಬಾಗಿಲಿನ ಚೌಕಟ್ಟಿಗೆ ಅಂಟಿಸಿದ ಸಣ್ಣ ಚೀಟಿಯಲ್ಲಿದೆ. ಜನರು ಮತ್ತು ಸರಕು ಸೇರಿ ಆ ವಾಹನದ ಮೇಲೆ ಎಷ್ಟು ಭಾರ ಬೀಳಬಹುದು ಎಂಬುದನ್ನು ಆ ಚೀಟಿ ಹೇಳುತ್ತದೆ.

ಟ್ರೇಲರಿನ ತೂಕವೆಲ್ಲ ಅದರ ಚಕ್ರಗಳ ಮೇಲೆಯೇ ಇರುವುದಿಲ್ಲ. ಅದರ ಶೇ. 10ರಿಂದ 15ರಷ್ಟು ಕೊಂಡಿಯ ಮೂಲಕ ಪಿಕ್‌ಅಪ್ ಮೇಲೆ ಬೀಳಬೇಕು. ಕಡಿಮೆಯಾದರೆ ಟ್ರೇಲರ್ ಹಾವಿನ ಬಾಲದಂತೆ ಹೊಯ್ದಾಡುತ್ತದೆ. ಉದಾಹರಣೆಗೆ, ಸಾಮಾನು ತುಂಬಿದ ಟ್ರೇಲರಿನ ತೂಕ 3,200 ಕಿ.ಗ್ರಾಂ. ಎಂದಿಟ್ಟುಕೊಂಡರೆ ಕೊಂಡಿಯ ಮೇಲಿನ ಭಾರ ಸುಮಾರು 400 ಕಿ.ಗ್ರಾಂ. ನಾಲ್ವರ ಕುಟುಂಬ 300, ಕೊಂಡಿಯ ಉಪಕರಣ 45, ಹಿಂಬದಿಯ ತೊಟ್ಟಿಯಲ್ಲಿಟ್ಟ ಸಾಮಾನು 100. ಒಟ್ಟು 845 ಕಿ.ಗ್ರಾಂ. ಬಾಗಿಲಿನ ಚೀಟಿಯಲ್ಲಿ 700 ಎಂದಿದ್ದರೆ ವಾಹನ ಆಗಲೇ 145 ಕಿ.ಗ್ರಾಂ. ಮಿತಿ ಮೀರಿದೆ. ಎಳೆಯುವ ಸಾಮರ್ಥ್ಯದ ಲೆಕ್ಕದಲ್ಲಾದರೋ 5,000ದಲ್ಲಿ ಬಳಕೆಯಾದದ್ದು ಶೇ. 64 ಮಾತ್ರ. ಎಂಜಿನ್ ಎಳೆಯಬಲ್ಲದು, ಆದರೆ ಆಕ್ಸಲ್, ಸ್ಪ್ರಿಂಗ್ ಮತ್ತು ಟೈರುಗಳು ಹೊರಲಾರವು. ಈ ವ್ಯತ್ಯಾಸವನ್ನು ತಿಳಿದವನು ಟ್ರೇಲರಿನ ತೂಕವನ್ನು ಮೊದಲು ನಿಶ್ಚಯಿಸಿ, ಅನಂತರ ವಾಹನ ಹುಡುಕುತ್ತಾನೆ. ತಿಳಿಯದವನು ವಾಹನ ಕೊಂಡು, ಅನಂತರ ತೂಕದೊಡನೆ ಗುದ್ದಾಡುತ್ತಾನೆ.

ಅಲ್ಲಿನ ತೆರಿಗೆ ಕಾನೂನೂ ಆಯ್ಕೆಯ ಮೇಲೆ ಪ್ರಭಾವ ಬೀರುತ್ತದೆ. 6,000 ಪೌಂಡ್, ಅಂದರೆ ಸುಮಾರು 2,720 ಕಿ.ಗ್ರಾಂ. ಮೀರಿದ ಒಟ್ಟು ತೂಕದ ವ್ಯಾಪಾರೋದ್ದೇಶದ ವಾಹನಕ್ಕೆ ಅಲ್ಲಿನ 179ನೇ ಕಲಮಿನಡಿ ಮೊದಲ ವರ್ಷವೇ ಹೆಚ್ಚಿನ ವೆಚ್ಚ ಕಡಿತ ದೊರೆಯುವುದರಿಂದ, ತೆರಿಗೆಯ ಸಲುವಾಗಿಯೇ ಭಾರೀ ವಾಹನ ಕೊಳ್ಳುವವರಿದ್ದಾರೆ. ತೆರಿಗೆ ಉಳಿಸಲು ಬೇಡದ ಆಸ್ತಿ ಕೊಳ್ಳುವ ಚಾಳಿ ಎಲ್ಲ ದೇಶಗಳಲ್ಲೂ ಒಂದೇ.

ಕರಪತ್ರದ ಟನ್ನು, ಆರ್.ಸಿ. ಪುಸ್ತಕದ ಟನ್ನು

ಕರ್ನಾಟಕದ ವರ್ತಕ ಪ್ರವಾಸಿ ಟ್ರೇಲರ್ ಎಳೆಯುವುದಿಲ್ಲ, ನಿಜ. ಇಲ್ಲಿ ಎಳೆಯುವ ಕೆಲಸವೆಂದರೆ ಕಬ್ಬಿನ ಹಂಗಾಮಿನಲ್ಲಿ ಬೆಳಗಾವಿ, ಬಾಗಲಕೋಟೆ, ಮಂಡ್ಯದ ರಸ್ತೆಗಳಲ್ಲಿ ಟ್ರೇಲರ್ ಕಟ್ಟಿಕೊಂಡು ಸಾಗುವ ಟ್ರ್ಯಾಕ್ಟರುಗಳದ್ದು. ಪಿಕ್‌ಅಪ್‌ನ ಕೆಲಸ ಹೊರುವುದು. ಆದರೆ ಅಮೆರಿಕದ ಬಾಗಿಲ ಚೀಟಿಗೆ ಸಮನಾದ ಸಂಖ್ಯೆ ಇಲ್ಲಿಯೂ ಇದೆ. 1988ರ ಮೋಟಾರು ವಾಹನಗಳ ಕಾಯಿದೆಯ ಪ್ರಕಾರ, ವಾಹನ ಮತ್ತು ಹೊರೆ ಸೇರಿ ನೋಂದಣಿ ಪ್ರಾಧಿಕಾರ ಅನುಮತಿಸಿದ ತೂಕವೇ ಒಟ್ಟು ತೂಕ. ಚಾಲಕ ಮತ್ತು ಸಹಾಯಕನನ್ನು ಬಿಟ್ಟು, ಸಾಮಾನ್ಯವಾಗಿ ಬಳಸುವ ಎಲ್ಲ ಉಪಕರಣಗಳೊಂದಿಗೆ ಇರುವ ತೂಕ ಖಾಲಿ ತೂಕ. ಇವೆರಡರ ವ್ಯತ್ಯಾಸವೇ ವರ್ತಕನಿಗೆ ದೊರೆಯುವ ಹೊರೆ. ಚಾಲಕನೂ ಸಹಾಯಕನೂ ಅದರೊಳಗೇ ಬರಬೇಕು.

ಒಂದು ಲೆಕ್ಕ ನೋಡಬಹುದು. ಒಟ್ಟು ತೂಕ 2,990 ಕಿ.ಗ್ರಾಂ. ಇರುವ ಪಿಕ್‌ಅಪ್‌ಗೆ ಕರಪತ್ರದಲ್ಲಿ 1,500 ಕಿ.ಗ್ರಾಂ. ಹೊರೆ ಎಂದು ಮುದ್ರಿಸಿದೆ ಎಂದುಕೊಳ್ಳಿ. ಅಂದರೆ ಖಾಲಿ ತೂಕ 1,490. ಮಾಲೀಕ ಮಳೆಗೆ ಸರಕು ನೆನೆಯಬಾರದೆಂದು ಗ್ಯಾರೇಜಿನಲ್ಲಿ ತಗಡಿನ ಮುಚ್ಚಿದ ಬಾಡಿ ಕಟ್ಟಿಸುತ್ತಾನೆ. ಖಾಲಿ ತೂಕ 1,640 ಆಗುತ್ತದೆ. ಉಳಿದದ್ದು 1,350. ಚಾಲಕ, ಸಹಾಯಕರ ತೂಕ 130. ತಾಡಪಾಲು, ಹಗ್ಗ, ಸರಪಳಿ, ಇಳಿಸುವ ಹಲಗೆಗಳಿಗೆ 40. ಸರಕಿಗೆ ಉಳಿದದ್ದು 1,180 ಕಿ.ಗ್ರಾಂ. ಕರಪತ್ರದ ಅಂಕಿಗಿಂತ ಇದು ಶೇ. 21ರಷ್ಟು ಕಡಿಮೆ. ಒಂದೂವರೆ ಟನ್ ಎಂದು ನಂಬಿ ಗ್ರಾಹಕನಿಗೆ ದಿನಕ್ಕೊಂದು ಖೇಪು ಒಪ್ಪಿಕೊಂಡ ಉದ್ದಿಮೆದಾರ ಮೊದಲ ದಿನದಿಂದಲೇ 320 ಕಿ.ಗ್ರಾಂ. ಹೆಚ್ಚು ಹೊರಿಸುತ್ತಿದ್ದಾನೆ. ಆತ ಕಾನೂನು ಮುರಿಯಲು ಹೊರಟವನಲ್ಲ. ತೂಗಿ ನೋಡಲಿಲ್ಲ, ಅಷ್ಟೆ.

ಇದಕ್ಕೆ ಗ್ಯಾರೇಜಿನಲ್ಲಿ ಸಿಗುವ ಪರಿಹಾರ ಹಿಂದಿನ ಸ್ಪ್ರಿಂಗಿಗೆ ಇನ್ನೊಂದು ಪಟ್ಟಿ ಸೇರಿಸುವುದು. ಗಾಡಿ ಕುಸಿಯುವುದು ನಿಂತಾಗ ಸಾಮರ್ಥ್ಯವೂ ಹೆಚ್ಚಿತೆಂಬ ಭ್ರಮೆ ಹುಟ್ಟುತ್ತದೆ. ಆದರೆ ಆಕ್ಸಲ್, ಹಬ್, ಬ್ರೇಕ್, ಟೈರು, ಚಾಸಿ ಯಾವುದೂ ಬದಲಾಗಿಲ್ಲ, ಆರ್.ಸಿ. ಪುಸ್ತಕದ ಸಂಖ್ಯೆಯೂ ಬದಲಾಗಿಲ್ಲ. ಭಾರ ಎಲ್ಲಿ ಕೂತಿದೆ ಎಂಬುದೂ ಅಷ್ಟೇ ಮುಖ್ಯ. ಕಬ್ಬಿಣದ ಸರಳು, ಪೈಪುಗಳ ತೂಕ ಹಿಂದಿನ ಆಕ್ಸಲಿನಿಂದಾಚೆಗೆ ಬಿದ್ದರೆ ಮುಂಗಾಲಿ ಹಗುರಾಗಿ ಸ್ಟೀರಿಂಗ್ ಹಿಡಿತ ತಪ್ಪುತ್ತದೆ. ಸರಕು ಬಾಡಿಯಿಂದ ಮಿತಿ ಮೀರಿ ಚಾಚಿಕೊಂಡಿದ್ದರೆ ಅದಕ್ಕೇ ಪ್ರತ್ಯೇಕವಾಗಿ 20,000 ರೂ. ದಂಡವನ್ನು ಕಾಯಿದೆ ವಿಧಿಸುತ್ತದೆ.

ಇಂದು ಆಯ್ಕೆಗೆ ಕೊರತೆಯಿಲ್ಲ. 2005ರಲ್ಲಿ ಮುಕ್ಕಾಲು ಟನ್ ಹೊರೆಯ ಟಾಟಾ ಏಸ್ ಬಂದು ಮೂರು ಚಕ್ರದ ಗಾಡಿಗೂ ಲಾರಿಗೂ ನಡುವಿನ ತೆರಪನ್ನು ತುಂಬಿತು. 2011ರಲ್ಲಿ ಅಶೋಕ್ ಲೇಲ್ಯಾಂಡ್ ದೋಸ್ತ್ ಒಂದೂಕಾಲು ಟನ್ನಿನೊಂದಿಗೆ ಬಂದಿತು. 2022 ಮತ್ತು 2023ರಲ್ಲಿ ಟಾಟಾ ಯೋಧ, ಮಹೀಂದ್ರ ಬೊಲೆರೊ ಮ್ಯಾಕ್ಸ್ ಪಿಕ್‌ಅಪ್ ಸಾಲಿನ ಕೆಲವು ಮಾದರಿಗಳು ಎರಡು ಟನ್ನಿನ ಗಡಿ ಮುಟ್ಟಿದವು. ಮುಕ್ಕಾಲರಿಂದ ಎರಡು ಟನ್ನಿನವರೆಗೆ ಮೆಟ್ಟಿಲು ಮೆಟ್ಟಿಲಾಗಿ ವಾಹನಗಳು ದೊರೆಯುವಾಗ, ಕಡಿಮೆಯದನ್ನು ಕೊಂಡು ಹೆಚ್ಚು ಹೊರಿಸುವುದಕ್ಕೆ ಸಮರ್ಥನೆ ಉಳಿದಿಲ್ಲ.

ಲೆಕ್ಕದ ಪುಸ್ತಕ ಏನು ಹೇಳುತ್ತದೆ?

ದೊಡ್ಡ ವಾಹನವೇ ಯಾವಾಗಲೂ ಸರಿ ಎಂದು ಇದರ ಅರ್ಥವಲ್ಲ. ಎರಡು ಕಾಲ್ಪನಿಕ ವಾಹನಗಳನ್ನು ಹೋಲಿಸಿದರೆ ವಿಷಯ ಸ್ಪಷ್ಟವಾಗುತ್ತದೆ. ಮೊದಲನೆಯದರ ಬೆಲೆ 9 ಲಕ್ಷ ರೂ., ನಿವ್ವಳ ಹೊರೆ 1,300 ಕಿ.ಗ್ರಾಂ. ಎರಡನೆಯದರ ಬೆಲೆ 10.5 ಲಕ್ಷ, ಹೊರೆ 1,700 ಕಿ.ಗ್ರಾಂ. ಎರಡಕ್ಕೂ ಎಂಟು ವರ್ಷ ಆಯುಷ್ಯ, ಕೊನೆಗೆ ಶೇ. 20 ಮರುಮಾರಾಟದ ಬೆಲೆ ಎಂದಿಟ್ಟುಕೊಂಡರೆ ವಾರ್ಷಿಕ ಸವಕಳಿ ಕ್ರಮವಾಗಿ 90,000 ಮತ್ತು 1,05,000 ರೂ. ಬಡ್ಡಿ 54,000 ಮತ್ತು 63,000. ವಿಮೆ, ತೆರಿಗೆ, ಅರ್ಹತಾ ಪತ್ರದ ವೆಚ್ಚ 45,000 ಮತ್ತು 50,000. ಚಾಲಕನ ಸಂಬಳ ಎರಡಕ್ಕೂ 2,40,000. ಹೀಗೆ ವಾಹನ ಓಡಲಿ, ನಿಲ್ಲಲಿ, ತಪ್ಪದ ಸ್ಥಿರ ವೆಚ್ಚ 4,29,000 ಮತ್ತು 4,58,000 ರೂ.

ವರ್ಷಕ್ಕೆ 300 ಖೇಪು, ಖೇಪಿಗೆ 80 ಕಿ.ಮೀ., ಒಟ್ಟು 24,000 ಕಿ.ಮೀ. ಓಟ. ಡೀಸೆಲ್ ಲೀಟರಿಗೆ 90 ರೂ.ನಂತೆ, ಲೀಟರಿಗೆ 14 ಕಿ.ಮೀ. ಓಡುವ ಮೊದಲನೆಯದಕ್ಕೆ ಸುಮಾರು 1,54,300, ಹನ್ನೆರಡೂವರೆ ಓಡುವ ಎರಡನೆಯದಕ್ಕೆ 1,72,800 ರೂ. ಟೈರು ಮತ್ತು ದುರಸ್ತಿಗೆ 60,000 ಮತ್ತು 66,000. ವರ್ಷದ ಒಟ್ಟು ವೆಚ್ಚ ಮೊದಲನೆಯದಕ್ಕೆ 6,43,300, ಎರಡನೆಯದಕ್ಕೆ 6,96,800 ರೂ.

ಈಗ ಹೊರೆಯ ಪ್ರಶ್ನೆ. ಪ್ರತಿ ಖೇಪಿನಲ್ಲೂ ಪೂರ್ಣ ಹೊರೆ ಸಿಕ್ಕರೆ ಮೊದಲ ವಾಹನ ವರ್ಷಕ್ಕೆ 390 ಟನ್ ಸಾಗಿಸುತ್ತದೆ. ಟನ್ನಿಗೆ ತಗಲುವ ವೆಚ್ಚ ಸುಮಾರು 1,650 ರೂ. ಎರಡನೆಯದು 510 ಟನ್ ಸಾಗಿಸುತ್ತದೆ. ಟನ್ನಿಗೆ 1,366 ರೂ. ಆದರೆ ದಿನದ ಸರಕು 900 ಕಿ.ಗ್ರಾಂ. ಮಾತ್ರ ಇದ್ದರೆ ಎರಡೂ ಸಾಗಿಸುವುದು 270 ಟನ್ನನ್ನೇ. ಆಗ ಮೊದಲನೆಯದಕ್ಕೆ ಟನ್ನಿಗೆ ಸುಮಾರು 2,383, ಎರಡನೆಯದಕ್ಕೆ 2,581 ರೂ. ಬೀಳುತ್ತದೆ. ಯಾವ ವಾಹನ ಅಗ್ಗ ಎಂಬುದನ್ನು ಬೆಲೆಪಟ್ಟಿಯಾಗಲಿ ಮೈಲೇಜ್ ಆಗಲಿ ನಿರ್ಧರಿಸುವುದಿಲ್ಲ. ಅದನ್ನು ನಿರ್ಧರಿಸುವುದು ಕಳೆದ ಹನ್ನೆರಡು ತಿಂಗಳ ರವಾನೆ ಚೀಟಿಗಳು. ಅವುಗಳಿಂದ ದಿನದ ಸರಾಸರಿ ತೂಕ ಮತ್ತು ಗರಿಷ್ಠ ತೂಕ ತೆಗೆಯುವುದು ಗುಮಾಸ್ತನಿಗೆ ಒಂದು ಸಂಜೆಯ ಕೆಲಸ. ಸರಾಸರಿಗೆ ಸ್ವಲ್ಪ ಮೇಲಿನ ವಾಹನ ಕೊಂಡು, ವರ್ಷದ ಕೆಲವೇ ದಿನ ಬರುವ ಗರಿಷ್ಠ ಹೊರೆಗೆ ಬಾಡಿಗೆ ಗಾಡಿ ತರಿಸುವುದು ಬಹುಪಾಲು ಘಟಕಗಳಿಗೆ ಲಾಭಕರ. ವರ್ಷಕ್ಕೆ ನೂರು ದಿನ ಮಾತ್ರ ಸಾಗಣೆ ಇರುವ ಘಟಕಕ್ಕಾದರೆ, ಮೊದಲ ವಾಹನದ ಸ್ಥಿರ ವೆಚ್ಚವೇ ದಿನಕ್ಕೆ 4,290 ರೂ. ಬೀಳುತ್ತದೆ. ಅಂಥವರು ಸ್ವಂತ ವಾಹನದ ಯೋಚನೆಯನ್ನೇ ಬಿಡುವುದು ಒಳಿತು.

ತೆರಿಗೆಯ ಮಾತು

ಸರಕು ಸಾಗಿಸುವ ವಾಹನಗಳ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿದಿದೆ. ಇದರ ಪೂರ್ಣ ಲಾಭ ರಾಜಿ ತೆರಿಗೆ ಪದ್ಧತಿಯಲ್ಲಿರುವ ಸಣ್ಣ ವರ್ತಕರಿಗೆ. ಏಕೆಂದರೆ ಅವರಿಗೆ ಹೂಡುವಳಿ ತೆರಿಗೆ ಜಮೆ ಇಲ್ಲ. ಸಾಮಾನ್ಯ ನೋಂದಣಿಯವರಿಗೆ ಕಟ್ಟಿದ ತೆರಿಗೆ ಜಮೆಯಾಗಿ ಹಿಂದಿರುಗುವುದರಿಂದ ಉಳಿಯುವುದು ಮುಖ್ಯವಾಗಿ ದುಡಿಯುವ ಬಂಡವಾಳದ ಹೊರೆ. ಹದಿಮೂರು ಆಸನಗಳವರೆಗಿನ, ಜನರನ್ನು ಸಾಗಿಸುವ ವಾಹನಕ್ಕೆ ಕಾಯಿದೆಯ 17(5)ನೇ ಕಲಮು ಜಮೆಯನ್ನು ತಡೆಯುತ್ತದೆ. ಸರಕು ವಾಹನಕ್ಕೆ ತಡೆಯಿಲ್ಲ. ಹೀಗಾಗಿ ಐದು ಆಸನಗಳ ಐಷಾರಾಮಿ ಪಿಕ್‌ಅಪ್ ಕೊಂಡು ವಾರಾಂತ್ಯದಲ್ಲಿ ಕುಟುಂಬಕ್ಕೂ ವಾರದ ದಿನ ಕಾರ್ಖಾನೆಗೂ ಬಳಸುವ ಆಲೋಚನೆ ವಿವಾದಕ್ಕೆ ಆಹ್ವಾನ. ಜಮೆ ಪಡೆದ ತೆರಿಗೆಯನ್ನು ವಾಹನದ ವೆಚ್ಚಕ್ಕೆ ಸೇರಿಸಿ ಸವಕಳಿ ಕೇಳುವಂತೆಯೂ ಇಲ್ಲ.

ಆದಾಯ ತೆರಿಗೆಯಲ್ಲಿ ಸವಕಳಿಯ ದರದ ಬಗ್ಗೆ ಒಂದು ತಪ್ಪು ಗ್ರಹಿಕೆ ವ್ಯಾಪಕವಾಗಿದೆ. 1962ರ ನಿಯಮಗಳಲ್ಲಿ ನಿಗದಿಯಾದ ಶೇ. 30ರ ದರ ಬಾಡಿಗೆಗೆ ಓಡಿಸುವ ವ್ಯವಹಾರದವರ ಲಾರಿಗಳಿಗೆ. ಸ್ವಂತ ಸರಕು ಸಾಗಿಸುವ ಉದ್ದಿಮೆದಾರನ ಪಿಕ್‌ಅಪ್‌ಗೆ ಶೇ. 15, ಅದೂ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದರೆ ಅದರ ಅರ್ಧ. ಮಾರ್ಚ್ ಕೊನೆಯ ವಾರ ತೆರಿಗೆ ಉಳಿಸಲು ಅವಸರದಲ್ಲಿ ವಾಹನ ಕೊಳ್ಳುವವರು ಏಳೂವರೆಯ ಕಡಿತಕ್ಕಾಗಿ ನೂರು ರೂಪಾಯಿ ಖರ್ಚು ಮಾಡುತ್ತಾರೆ. ಬಾಡಿ ಕಟ್ಟುವವರಿಗೆ ಬಿಲ್ಲಿಲ್ಲದೆ ನಗದು ಕೊಡುವ ರೂಢಿಯೂ ನಷ್ಟದ್ದೇ. 2017ರ ತಿದ್ದುಪಡಿಯ ನಂತರ, ಒಬ್ಬರಿಗೆ ಒಂದು ದಿನದಲ್ಲಿ 10,000 ರೂ. ಮೀರಿ ನಗದಾಗಿ ಕೊಟ್ಟ ಮೊತ್ತ ಆಸ್ತಿಯ ವೆಚ್ಚಕ್ಕೆ ಸೇರುವುದಿಲ್ಲ. ಬಿಲ್ಲಿಲ್ಲದ್ದರಿಂದ ತೆರಿಗೆ ಜಮೆಯೂ ಇಲ್ಲ.

ಪರವಾನಗಿಯ ವಿಷಯದಲ್ಲಿ ಒಂದು ಅನುಕೂಲ ಗಮನಾರ್ಹ. ಒಟ್ಟು ತೂಕ 3,000 ಕಿ.ಗ್ರಾಂ. ಮೀರದ ಸರಕು ವಾಹನಕ್ಕೆ ಪರ್ಮಿಟ್ ಅಗತ್ಯವಿಲ್ಲ. ಈ ಗಡಿಯ ಸ್ವಲ್ಪವೇ ಕೆಳಗೆ ನಿಲ್ಲುವ ಮಾದರಿಗಳು ಮಾರುಕಟ್ಟೆಯಲ್ಲಿ ಹೆಚ್ಚಾಗಿರುವುದರ ಗುಟ್ಟೂ ಇದರಲ್ಲಿದೆ. 7,500 ಕಿ.ಗ್ರಾಂ. ಒಳಗಿನ ಸಾಗಣೆ ವಾಹನವನ್ನು ಲಘು ವಾಹನದ ಚಾಲನಾ ಪರವಾನಗಿಯವರು ಓಡಿಸಬಹುದೆಂದು ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ಹೇಳಿದ್ದನ್ನು 2024ರ ನವೆಂಬರಿನಲ್ಲಿ ಸಂವಿಧಾನ ಪೀಠ ಎತ್ತಿಹಿಡಿದಿದೆ. ಸಣ್ಣ ಉದ್ದಿಮೆದಾರರಿಗೆ ಇದು ದೊಡ್ಡ ನಿರಾಳ.

ಹೆಚ್ಚು ಹೊರಿಸಿದ್ದರ ನಿಜ ಬೆಲೆ

"ಎಲ್ಲರೂ ಹೊರಿಸುತ್ತಾರೆ, ನಿಯಮದಂತೆ ಹೊರಿಸಿದರೆ ಬಾಡಿಗೆ ಗಿಟ್ಟುವುದಿಲ್ಲ" ಎಂಬುದು ಸಾಮಾನ್ಯ ಸಮಜಾಯಿಷಿ. ಈ ಮಾತಿನಲ್ಲಿ ಸತ್ಯವೂ ಇದೆ. ದೊಡ್ಡ ಖರೀದಿದಾರರು ಸಾಗಣೆ ದರವನ್ನು ಕುಗ್ಗಿಸುತ್ತ ಹೋದಾಗ ಸಣ್ಣವನು ತೂಕದಲ್ಲಿ ಸರಿದೂಗಿಸಲು ನೋಡುತ್ತಾನೆ. ಆದರೆ ಲೆಕ್ಕ ಅವನ ಪರವಾಗಿಲ್ಲ. 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಕಾಯಿದೆಯ 194ನೇ ಕಲಮು ಅಧಿಕ ಹೊರೆಗೆ 20,000 ರೂ., ಜೊತೆಗೆ ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂ. ದಂಡ ವಿಧಿಸುತ್ತದೆ. ಹೆಚ್ಚಿನ ಸರಕು ಇಳಿಸುವ ಖರ್ಚೂ ವಾಹನದವರದ್ದೇ. ತೂಗಿಸಲು ನಿಲ್ಲಿಸದೆ ಹೋದರೆ 40,000 ರೂ. ಮೇಲಿನ ಉದಾಹರಣೆಯಲ್ಲಿ ಒಂದು ಖೇಪು ಉಳಿಸಿದರೆ ಡೀಸೆಲ್ ಮತ್ತು ದುರಸ್ತಿಯಲ್ಲಿ ಉಳಿಯುವುದು ಸುಮಾರು 715 ರೂ. ಒಂದು ಟನ್ ಹೆಚ್ಚಿಗೆ ಹೊರಿಸಿ ಒಮ್ಮೆ ಸಿಕ್ಕಿಬಿದ್ದರೆ ಸುಮಾರು 30 ಖೇಪುಗಳ ಉಳಿತಾಯ ಕೊಚ್ಚಿಹೋಯಿತು. "ಚಾಲಕನೇ ತುಂಬಿಸಿಕೊಂಡ, ಮಾಲೀಕನಿಗೆ ತಿಳಿಯದು" ಎಂಬ ವಾದವೂ ಸುಲಭವಾಗಿ ನಿಲ್ಲುವುದಿಲ್ಲ. ಮಾಲೀಕನ ತಿಳಿವಳಿಕೆ ಅಥವಾ ಆದೇಶದಿಂದಲೇ ಅಧಿಕ ಹೊರೆ ಬಿತ್ತೆಂದು ನ್ಯಾಯಾಲಯ ಭಾವಿಸಬಹುದೆಂದು 113ನೇ ಕಲಮು ಹೇಳುತ್ತದೆ.

ವಿಮೆಯ ವಿಷಯ ಇನ್ನೂ ಸೂಕ್ಷ್ಮ. ಹಾಸನ ವಿಭಾಗದ ಲಾರಿಯೊಂದರ ಪ್ರಕರಣದಲ್ಲಿ ಅನುಮತಿಗಿಂತ ಹೆಚ್ಚು ಜನರಿದ್ದರೆಂಬ ಒಂದೇ ಕಾರಣಕ್ಕೆ ವಾಹನದ ನಷ್ಟಭರ್ತಿಯನ್ನು ಪೂರ್ತಿ ನಿರಾಕರಿಸಲಾಗದು ಎಂದು ಸರ್ವೋಚ್ಚ ನ್ಯಾಯಾಲಯ 1996ರಲ್ಲಿ ಹೇಳಿತು. ಆದರೆ 2010ರ ಇನ್ನೊಂದು ತೀರ್ಪಿನಲ್ಲಿ ನ್ಯಾಯಾಲಯ ಪರಿಗಣಿಸಿದ ವಿಮಾ ಮಾರ್ಗಸೂಚಿಯ ಪ್ರಕಾರ, ಹೊರೆ ಮಿತಿ ಮೀರಿದ್ದರೆ ಇತ್ಯರ್ಥವಾಗುವುದು ಒಪ್ಪಿತ ಮೊತ್ತದ ಶೇ. 75ನ್ನು ಮೀರದಂತೆ. ಅಂದರೆ 4 ಲಕ್ಷ ರೂ.ಗಳ ಹಾನಿಯಲ್ಲಿ ಒಂದು ಲಕ್ಷ ಮಾಲೀಕನ ಕೈಯಿಂದ. ಅದೂ ವರ್ಷಗಟ್ಟಲೆ ಪತ್ರ ವ್ಯವಹಾರ ಮಾಡಿದ ಮೇಲೆ.

ಹಣದಲ್ಲಿ ಅಳೆಯಲಾಗದ ಬೆಲೆಯೂ ಒಂದಿದೆ. ಶಿರಾಡಿ, ಚಾರ್ಮಾಡಿ, ಅರಬೈಲು ಘಟ್ಟಗಳ ಇಳಿಜಾರಿನಲ್ಲಿ ಬ್ರೇಕು ತಡೆಯಬೇಕಾದ ಶಕ್ತಿ ತೂಕ ಹೆಚ್ಚಿದಷ್ಟೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ, ವೇಗ ಹೆಚ್ಚಿದರೆ ಅದರ ವರ್ಗದ ಪ್ರಮಾಣದಲ್ಲಿ. ಬ್ರೇಕು ಕಾದು ಹಿಡಿತ ಬಿಡುವ ಆ ಕ್ಷಣದಲ್ಲಿ ಸ್ಟೀರಿಂಗ್ ಹಿಂದೆ ಇರುವವನು ಮಾಲೀಕನಲ್ಲ, ಇಪ್ಪತ್ತು ಸಾವಿರದ ಸಂಬಳಕ್ಕೆ ದುಡಿಯುವ ಚಾಲಕ. 'ಇಷ್ಟು ತುಂಬಬೇಡಿ' ಎಂದು ಹೇಳುವ ಧೈರ್ಯ ಅವನಿಗಿರುವುದಿಲ್ಲ. ಇನ್ನು ಮದುವೆಗೆ, ಜಾತ್ರೆಗೆ, ಕೆಲಸದ ಸ್ಥಳಕ್ಕೆ ಅದೇ ಗಾಡಿಯ ಹಿಂದೆ ಜನರನ್ನು ಕೂರಿಸಿ ಕಳುಹಿಸುವ ಪದ್ಧತಿ. ಸರಕಿನ ಮಾಲೀಕ ಅಥವಾ ಅವನ ಪ್ರತಿನಿಧಿಯನ್ನು ಬಿಟ್ಟು, ಸರಕು ವಾಹನದಲ್ಲಿ ಉಚಿತವಾಗಿ ಪಯಣಿಸುವವರು ಕಡ್ಡಾಯ ವಿಮೆಯ ವ್ಯಾಪ್ತಿಗೆ ಬರುವುದಿಲ್ಲವೆಂಬುದು ನ್ಯಾಯಾಲಯಗಳು ಸ್ಥಿರಪಡಿಸಿದ ವಿಷಯ. ಒಂದು ಅಪಘಾತದ ಪರಿಹಾರದ ಹೊರೆ ಹಲವು ವರ್ಷಗಳ ದುಡಿಮೆಯನ್ನು ನುಂಗಬಲ್ಲದು. ಕಳೆದುಹೋದ ಜೀವ ಯಾವ ಲೆಕ್ಕದ ಪುಸ್ತಕಕ್ಕೂ ಹಿಂದಿರುಗುವುದಿಲ್ಲ.

ಮಾಡಬೇಕಾದದ್ದು

ಕೊಳ್ಳುವ ಮೊದಲು ವರ್ಷದ ರವಾನೆಯ ತೂಕವನ್ನು ಪಟ್ಟಿ ಮಾಡುವುದು. ಮಾರಾಟಗಾರನಿಂದ ಬಾಡಿ ಕಟ್ಟಿದ ನಂತರದ ಖಾಲಿ ತೂಕ ಮತ್ತು ಒಟ್ಟು ತೂಕವನ್ನು ದರಪತ್ರದಲ್ಲಿಯೇ ಬರೆಸಿಕೊಳ್ಳುವುದು. ಖಾಲಿ ಗಾಡಿಯನ್ನೂ, ಮೊದಲ ವಾರದ ತುಂಬಿದ ಗಾಡಿಯನ್ನೂ ವೇಬ್ರಿಜ್ ಮೇಲೆ ನಿಲ್ಲಿಸಿ ಚೀಟಿ ಪಡೆಯುವುದು. ನಿವ್ವಳ ಹೊರೆಯನ್ನು ದೊಡ್ಡ ಅಕ್ಷರದಲ್ಲಿ ಗೋದಾಮಿನ ಬಾಗಿಲಿಗೆ ಬರೆಸುವುದು. ಅದಕ್ಕಿಂತ ಹೆಚ್ಚು ತುಂಬಿದರೆ ಗಾಡಿ ಹೊರಡಿಸದಿರಲು ಚಾಲಕನಿಗೆ ಅಧಿಕಾರ ಕೊಡುವುದು. ಇವಾವುವೂ ಹೆಚ್ಚಿನ ಖರ್ಚಿನ ಕೆಲಸಗಳಲ್ಲ.

ವಾಣಿಜ್ಯ ಸಂಸ್ಥೆಗಳಿಗೂ ಇಲ್ಲಿ ಹೊಣೆಯಿದೆ. ಪೀಣ್ಯ, ಬೆಳಗಾವಿಯ ಉದ್ಯಮಬಾಗ್, ಹುಬ್ಬಳ್ಳಿಯ ತಾರಿಹಾಳದಂತಹ ಕೈಗಾರಿಕಾ ಪ್ರದೇಶಗಳಲ್ಲಿ ಸದಸ್ಯರಿಗೆ ಕಡಿಮೆ ದರದಲ್ಲಿ ದೊರೆಯುವ ವೇಬ್ರಿಜ್ ಸೌಲಭ್ಯವನ್ನು ಅವು ಏರ್ಪಡಿಸಬಹುದು. ಕರಪತ್ರಗಳಲ್ಲಿ ಬಾಡಿ ಸಹಿತ ನಿವ್ವಳ ಹೊರೆಯನ್ನು ಮುದ್ರಿಸುವಂತೆ ಮಾರಾಟಗಾರರನ್ನು ಒತ್ತಾಯಿಸಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ದೊಡ್ಡ ಖರೀದಿದಾರರೊಂದಿಗಿನ ಒಪ್ಪಂದಗಳಲ್ಲಿ ಸಾಗಣೆ ದರವನ್ನು ನಿಯಮಬದ್ಧ ಹೊರೆಯ ಮೇಲೆ ನಿಗದಿಪಡಿಸುವ ಬೇಡಿಕೆಯನ್ನು ಒಗ್ಗಟ್ಟಿನಿಂದ ಮುಂದಿಡಬೇಕು. ಒಬ್ಬೊಬ್ಬ ಸಣ್ಣ ಉದ್ದಿಮೆದಾರ ಕೇಳಿದರೆ ಆತನ ಆರ್ಡರು ಪಕ್ಕದವನ ಪಾಲಾಗುತ್ತದೆ. ಎಲ್ಲರೂ ಕೇಳಿದರೆ ಅದು ಮಾರುಕಟ್ಟೆಯ ನಿಯಮವಾಗುತ್ತದೆ.

ಗ್ರಾಹಕನಿಗೆ ಕೊಡುವ ಪ್ರತಿ ಕಿಲೋವನ್ನೂ ತೂಗಿ ಕೊಡುವ ವರ್ತಕನಿಗೆ ತನ್ನ ಗಾಡಿಯನ್ನು ತೂಗುವುದು ಹೊಸ ವಿದ್ಯೆಯೇನಲ್ಲ. ಮುಂದಿನ ವಾಹನಕ್ಕೆ ಮುಂಗಡ ಕೊಡುವ ಮುನ್ನ ಈಗಿರುವ ವಾಹನವನ್ನು ಒಮ್ಮೆ ತುಂಬಿದ ಹೊರೆಯೊಂದಿಗೆ ವೇಬ್ರಿಜ್‌ಗೆ ಕಳುಹಿಸಿ, ಬಂದ ಚೀಟಿಯನ್ನು ಆರ್.ಸಿ. ಪುಸ್ತಕದ ಪಕ್ಕದಲ್ಲಿಟ್ಟು ಓದಿದರೆ, ಯಾವ ವಾಹನ ಕೊಳ್ಳಬೇಕೆಂಬ ಪ್ರಶ್ನೆಗೆ ಅರ್ಧ ಉತ್ತರ ಅಲ್ಲಿಯೇ ದೊರೆಯುತ್ತದೆ.